ಗೋಡೆಯ ಮೇಲಿನ ಪಾದ

ಎರಡನೇ ಮಹಡಿಯ ಹೊಸ ಮನೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಸಿಡುಕೀ,

ಮೊದಲು ನಿನ್ನ ಸೊಂಟದ ನೋವು ಹೇಗಿದೆ ಹೇಳು. ಹೊಲಿಗೆ ಮಷೀನಿನ ಮುಂದೆ ಕೂತರೆ ಏಳುವುದೇ ಇಲ್ಲವೆಂದು ಅಮ್ಮ ದೂರುತ್ತಿದ್ದಳು. ಅವಳ ಕಣ್ಣಿಗೆ ದಿನವೂ ಔಷಧಿ ಹಾಕುವುದನ್ನು ಬಿಡಬೇಡ. ನಾನೇ ಹಾಕಿಕೊಂಡೆ ಎಂದರೆ ನಂಬಬೇಡ, ಸುಳ್ಳು ಹೇಳುವುದರಲ್ಲಿ ಅವಳು ನಮ್ಮಿಬ್ಬರಿಗೂ ಗುರು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಗುಬ್ಬಿಯ ಕ್ಷೇಮ ಕೇಳುವುದಿಲ್ಲ. ನನ್ನ ಮಗಳು ನಿನ್ನ ಹತ್ತಿರ ಇರುವಷ್ಟು ದಿನ ಚೆನ್ನಾಗಿಯೇ ಇರುತ್ತಾಳೆ, ಅದನ್ನು ನಾನು ಜಗಳದಲ್ಲೂ ಅಲ್ಲವೆಂದಿಲ್ಲ.

ಹದಿನಾರು ದಿನದಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀಯ. ಅವಳು ಒಲೆ ಮುಂದೆ ಇದಾಳೆ ಕಣೇ ಎಂದು ಅಮ್ಮ ಹೇಳುವಾಗ ಹಿಂದಿನಿಂದ ನಿನ್ನ ಮಷೀನಿನ ಸದ್ದು ಕೇಳುತ್ತಿರುತ್ತದೆ. ನಾನೇನು ಕಿವುಡಿಯಲ್ಲ. ಅದಕ್ಕೇ ಈ ಕಾಗದ. ಅಮ್ಮನಿಗೆ ಸಣ್ಣ ಅಕ್ಷರ ಕಾಣುವುದಿಲ್ಲವಲ್ಲ, ಇದನ್ನು ಅವಳ ಕೈಗೆ ಕೊಟ್ಟು ನೀನು ಎಲ್ಲಿಗೂ ಹೋಗಲಾರೆ. ಬೇಕೆಂದೇ ಸಣ್ಣದಾಗಿ ಬರೆದಿದ್ದೇನೆ.

ಮನೆಯ ಸುದ್ದಿ ಹೇಳಿಬಿಡುತ್ತೇನೆ. ನಾಲ್ಕು ಸಂಸಾರಕ್ಕೆ ಒಂದೇ ಅಡುಗೆಮನೆ ಇದ್ದ ಆ ಹಳೆಯ ಕೋಣೆ ಬಿಟ್ಟು ಇಲ್ಲಿಗೆ ಬಂದು ಆರು ವಾರವಾಯಿತು. ನಿನಗೆ ಗೊತ್ತಲ್ಲ, ಇಬ್ಬರೂ ಎರಡು ವರ್ಷ ಬಿಡದೆ ಕೆಲಸ ಮಾಡಿರಬೇಕು, ಮಗುವಿಗೆಂದೇ ಒಂದು ಕೋಣೆ ಇರಬೇಕು, ಆಗಲೇ ಮಗುವನ್ನು ಕರೆತರಲು ಕಾಗದಪತ್ರ ಕೊಡುತ್ತೇವೆ ಎಂದು ಈ ದೇಶದ ಸರ್ಕಾರದವರು ಹೇಳಿದ್ದರು. ಆ ಕೋಣೆ ಈಗ ಇದೆ. ಚಿಕ್ಕದು, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಆದರೆ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತದೆ. ಬಂದ ಮೊದಲ ಭಾನುವಾರ ನಾನು ಸೆರಗು ಸಿಕ್ಕಿಸಿಕೊಂಡು, ನಮ್ಮ ಮನೆಯಲ್ಲಿ ಮಾಡುವ ಹಾಗೆ, ಮೂರು ಬಕೆಟ್ ನೀರು ಸುರಿದು ಮನೆ ತೊಳೆದೆ. ನೀರು ಹೋಗುವ ತೂಬು ಹುಡುಕಿದರೆ ಇಲ್ಲ! ಇಲ್ಲಿಯ ಮನೆಗಳಿಗೆ ತೂಬೇ ಇರುವುದಿಲ್ಲವಂತೆ, ಒದ್ದೆಬಟ್ಟೆಯಲ್ಲಿ ಒರೆಸಬೇಕಂತೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಮುದುಕರು ಒದ್ದೆಯಾದ ಟೋಪಿ ಕೈಯಲ್ಲಿ ಹಿಡಿದು ಬಾಗಿಲು ತಟ್ಟಿದರು. ನಾನು ನಾಚಿಕೆಯಿಂದ ಸತ್ತೇಹೋದೆ. ನಿಮ್ಮ ಭಾವ ಹೋಗಿ ಅವರ ಮನೆಯ ಸೂರು ಒರೆಸಿ ಬಂದರು. ಈಗ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಆ ಮುದುಕರು ನನ್ನನ್ನು ನೋಡಿ ಕೊಡೆ ಬಿಚ್ಚುವ ಹಾಗೆ ನಟಿಸುತ್ತಾರೆ.

ಇನ್ನು ಜಗಳದ ಮಾತು. ಅವತ್ತು ಗುಬ್ಬಿ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು ಓಡಲು ಹೋಗಿ ಬಿದ್ದಳು. ಅಮ್ಮಾ ಎಂದು ಚೀರಿದಳು. ನಾನು ಇಲ್ಲಿಂದ ಏನಾಯ್ತು ಕಂದಾ, ಇಲ್ಲಿದೀನಿ ಎನ್ನುತ್ತಲೇ ಇದ್ದೆ. ಅವಳು ಫೋನನ್ನು ನೆಲದ ಮೇಲೆ ಬಿಟ್ಟು ನಿನ್ನ ಹತ್ತಿರ ಓಡಿದ್ದಳು. ತುಂಬಾ ಹೊತ್ತು ನನಗೆ ನಮ್ಮ ಮನೆಯ ಸೂರು ಒಂದೇ ಕಾಣುತ್ತಿತ್ತು, ನೀನು ಅವಳನ್ನು ಸಮಾಧಾನ ಮಾಡುವುದು ಕೇಳುತ್ತಿತ್ತು. ಆಮೇಲೆ ನೀನು ಫೋನ್ ಎತ್ತಿಕೊಂಡಾಗ, ಏಪ್ರಿಲ್ ಇಪ್ಪತ್ತಕ್ಕೆ ನಿಮ್ಮ ಭಾವ ಬಂದು ಅವಳನ್ನು ಕರೆತರುತ್ತಾರೆ ಎಂದೆ. ನೀನು ಮೆಲ್ಲಗೆ, "ಇನ್ನೊಂದು ವರ್ಷ ಇಲ್ಲೇ ಇರ್ಲಿ ಅಕ್ಕ, ಒಂದನೇ ಕ್ಲಾಸ್ ಮುಗೀಲಿ" ಅಂದೆ. ಅದಕ್ಕೆ ನಾನು ಏನಂದೆ ಎಂದು ನಿನಗೂ ನೆನಪಿದೆ, ನನಗೂ ನೆನಪಿದೆ.

"ಸಾಕಿದ ಮಾತ್ರಕ್ಕೆ ಯಾರೂ ತಾಯಿ ಆಗಲ್ಲ. ಹೆತ್ತವಳು ನಾನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಆದರೂ ನಾನು ಹತ್ತು ದಿನ ಸೋಲಲಿಲ್ಲ. ನನ್ನದೇ ಸರಿ ಎಂದುಕೊಂಡು ಗುಬ್ಬಿಯ ಕೋಣೆ ಸಿಂಗರಿಸುತ್ತಿದ್ದೆ. ಅವಳ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ನೀನು ಕಳಿಸಿದ್ದ ಕಾಗದ ಹಳೆಯ ಕೋಣೆಯ ಗೋಡೆಯ ಮೇಲಿತ್ತು. ಅದನ್ನು ತಂದು ಇಲ್ಲಿಯೂ ಅಂಟಿಸಿದ್ದೆ. ಕೆಲಸಕ್ಕೆ ಹೋಗುವಾಗ ದಿನವೂ ಅದರ ಮೇಲೆ ಅಂಗೈ ಇಟ್ಟು ಹೋಗುತ್ತಿದ್ದೆ. ಕಳೆದ ವಾರ ಆ ಅಳತೆಗೆ ರಟ್ಟು ಕತ್ತರಿಸಿ ಅಂಗಡಿಗೆ ಒಯ್ದು, ಬೆಳೆಯುವ ಕಾಲು ಎಂದು ಒಂದು ಬೆರಳು ಜಾಸ್ತಿಯೇ ಬಿಟ್ಟು, ಕೆಂಪು ಬೂಟು ತಂದೆ. ಇಲ್ಲಿಯ ಚಳಿಗೆ ಬೂಟಿಲ್ಲದೆ ಹೊಸ್ತಿಲು ದಾಟುವ ಹಾಗಿಲ್ಲ.

ಖುಷಿ ತಡೆಯದೆ ಅದನ್ನು ಕೆಲಸಕ್ಕೂ ಒಯ್ದೆ. ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಗಳು ಇಸ್ತ್ರಿಯಾಗಿ ಬಿಸಿಬಿಸಿ ಹೊರಬರುತ್ತವೆ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಮೂಲೆಗೆ ಮೂಲೆ ಸೇರಿಸಿ ಮಡಿಸಬೇಕು. ನನ್ನ ಎದುರಿಗೆ ನಿಲ್ಲುವವಳು ಆರಡಿಯ ಹೆಂಗಸು. ನಾನು ಮನಸ್ಸಿನಲ್ಲೇ ಅವಳಿಗೆ ಏಣಿಯಮ್ಮ ಎಂದು ಹೆಸರಿಟ್ಟಿದ್ದೇನೆ. ನನ್ನ ಭಾಷೆ ಅವಳಿಗೆ ಬರುವುದಿಲ್ಲ, ಅವಳದು ನನಗೆ ಬರುವುದಿಲ್ಲ, ಎರಡು ವರ್ಷದಿಂದ ಕೈಸನ್ನೆಯಲ್ಲೇ ನಮ್ಮ ಬದುಕು. ಬೂಟು ನೋಡಿ ಮಗುವಿಗೆ ಎಷ್ಟು ವರ್ಷ ಎಂದು ಸನ್ನೆಯಲ್ಲಿ ಕೇಳಿದಳು. ಐದು ಬೆರಳು ತೋರಿಸಿದೆ. ಅವಳು ನಗಲಿಲ್ಲ. ಬೂಟಿನೊಳಗೆ ಕೈ ಹಾಕಿ ನೋಡಿ, ಇಲ್ಲ ಎಂದು ತಲೆಯಾಡಿಸಿ, ನನ್ನ ಎರಡು ಬೆರಳನ್ನು ಮೆಲ್ಲಗೆ ಮಡಚಿದಳು. ಮೂರೇ ಉಳಿದವು.

ಮನೆಗೆ ಬಂದು ಗೋಡೆಯ ಕಾಗದ ಕಿತ್ತು ಹಿಂದೆ ನೋಡಿದೆ. ನಿನ್ನ ಅಕ್ಷರದಲ್ಲೇ ಇತ್ತು: "ಗುಬ್ಬಿಗೆ ಇವತ್ತು ಮೂರು ವರ್ಷ. ಬೆರಳು ಕುಣಿಸ್ತಾ ಇದ್ಲು ಅಕ್ಕ, ಹೆಬ್ಬೆರಳ ಹತ್ರ ಗೆರೆ ಸೊಟ್ಟ ಆಗಿದೆ."

ಎರಡು ವರ್ಷ ನಾನು ಅದೇ ಪಾದಕ್ಕೆ ಕೈ ಮುಟ್ಟಿಸುತ್ತಿದ್ದೆನಲ್ಲೇ. ಫೋನಿನಲ್ಲಿ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ. ನಾನು ಇಲ್ಲಿ ಸಾಕುತ್ತಿದ್ದದ್ದು ಗೋಡೆಯ ಮೇಲಿನ ಪಾದವನ್ನು, ನಡೆಯುವ ಕಾಲಿಗೆ ಚಪ್ಪಲಿ ಹಾಕಿ, ಬಿದ್ದಾಗ ಮಂಡಿ ಊದಿ, ಜ್ವರ ಬಂದಾಗ ಅಂಗಾಲು ತಿಕ್ಕಿದವಳು ನೀನು. ಹೆತ್ತವಳು ನಾನು ಎಂದದ್ದು ಸುಳ್ಳಲ್ಲ. ಆದರೆ ಅದನ್ನು ನಿನಗೆ ಹೇಳಬಾರದಿತ್ತು. ಅಡುಗೆಮನೆಯಲ್ಲಿ ಕೂತು ಅತ್ತೆ. ತಪ್ಪಾಯಿತು ಕಣೇ. ಹೊಟ್ಟೆಗೆ ಹಾಕಿಕೋ.

ನಿಮ್ಮ ಭಾವ ಆ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸಸಿ ಮಾರುವ ತೋಟದಲ್ಲಿ ದಿನವಿಡೀ ಮಣ್ಣು ಕಲಸುವವರು, ಮಾತಾಡುವುದೇ ಕಡಿಮೆ. ಕೊನೆಗೆ ಒಂದೇ ಮಾತು ಹೇಳಿದರು. "ಸಸೀನ ಬೇರೆ ಕಡೆ ನೆಡೋವಾಗ ಬೇರಿನ ಮಣ್ಣು ಉದುರಿಸಬಾರದು. ಉದುರಿಸಿದ್ರೆ ಬದುಕಲ್ಲ." ನನಗೆ ಅರ್ಥವಾಯಿತು. ಈ ರಾಯರು ಮದುವೆಯಾದ ಮೇಲೆ ಆಡಿದ ಮೂರನೆಯ ಒಳ್ಳೆಯ ಮಾತು ಇದು, ಅವರಿಗೆ ಹೇಳಬೇಡ, ತಲೆಗೇರುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ. ಗುಬ್ಬಿಯ ಎರಡೂ ಕೆನ್ನೆಗೆ ಮುತ್ತು, ಬಿದ್ದ ಮಂಡಿಗೆ ಒಂದು ಜಾಸ್ತಿ. ನಿನಗೆ ಒಳ್ಳೆಯದಾಗಲಿ, ಸಿಟ್ಟು ಮಾತ್ರ ಬೇಗ ಇಳಿಯಲಿ.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ನಿಮ್ಮ ಭಾವ ಬರುವುದಿಲ್ಲ. ಅವರ ಟಿಕೆಟ್ ರದ್ದು ಮಾಡಿಸಿದ್ದಾಯಿತು. ಗುಬ್ಬಿಯನ್ನು ನೀನೇ ಕರೆದುಕೊಂಡು ಬಾ, ಮೂರು ತಿಂಗಳು ಇಲ್ಲೇ ಇರು. ನಿನ್ನ ವೀಸಾ ಅರ್ಜಿಯ ಕಾಗದ ಇದರ ಜೊತೆಗಿದೆ, ರುಜು ಹಾಕು. ಅಮ್ಮನ ಜೊತೆ ಅಷ್ಟು ದಿನ ದೊಡ್ಡಮ್ಮ ಬಂದಿರುತ್ತಾಳೆ, ಕೇಳಿದ್ದೇನೆ. ಗುಬ್ಬಿಯ ಪಾದದ ಅಳತೆ ಹೊಸದಾಗಿ ಬರೆದು ಕಳಿಸು. ಪಕ್ಕದಲ್ಲೇ ನಿನ್ನ ಪಾದವನ್ನೂ ಬರೆ, ನಿನಗೂ ಬೂಟು ತರಬೇಕು, ನೀನು ಬೆರಳು ಕುಣಿಸಬೇಡ. ಇಲ್ಲಿಗೆ ಬಂದ ಮೇಲೆ ಅವಳು ಬಿದ್ದು ಅಮ್ಮಾ ಎಂದಾಗ ನೀನೇ ಎತ್ತಿಕೋ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಸದ್ಯಕ್ಕೆ ಅಷ್ಟು ಸಾಕು ನನಗೆ.