ಫ್ಲಾಕ್ಸ್ ಅಲ್ಲದ ಬಿಳಿ ಹೂವು

ವಿಲ್ಡಾ,

ಈ ಕಾಗದ ನಿನಗೆ ತಲುಪುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನನ್ನು ಮಣ್ಣು ಮಾಡಿ ಏಳು ತಿಂಗಳಾಯಿತು. ಆ ದಿನವೂ ನಾನು ನಿನ್ನ ಮನೆಗೆ ಬರಲಿಲ್ಲ.

ಇವತ್ತು ರೆನೋ ನಗರದಿಂದ ಬಂದ ಸಸ್ಯಶಾಸ್ತ್ರದ ಹುಡುಗಿ ಟೆಸ್ಸಾಳ ಜೊತೆ ಗಣಿಯ ಹಿಂದಿನ ಗುಡ್ಡ ಹತ್ತಿದೆ. ಬಂಡೆಯ ಬಿರುಕೊಂದರಲ್ಲಿ ಮಾತ್ರ ಆ ಪುಟ್ಟ ಬಿಳಿ ಹೂವು ಉಳಿದಿತ್ತು.

"ಇದು ಫ್ಲಾಕ್ಸ್. ಎಲ್ಲಾ ಕಡೆ ಬೆಳೆಯತ್ತೆ," ಅಂದೆ ನಾನು.

ಅವಳು ಮಂಡಿಯೂರಿ ಭೂತಗನ್ನಡಿ ಹಿಡಿದಳು. "ಅಲ್ಲ ಮೇಡಂ. ಫ್ಲಾಕ್ಸ್ ಆಗಿದ್ರೆ ಎಸಳೆಲ್ಲ ಬುಡದಲ್ಲಿ ಕೂಡಿ ಕೊಳವೆ ಥರ ಇರತ್ತೆ. ಇದರದ್ದು ನೋಡಿ, ಒಂದೊಂದೂ ಬೇರೆ. ತುಂಬಾ ಅಪರೂಪದ್ದು ಇದು. ಮುಂಚೆ ಯಾರೂ ಗಮನಿಸಲಿಲ್ವಾ?"

ನೀನು ಗಮನಿಸಿದ್ದೆ. ಹನ್ನೆರಡು ವರ್ಷದ ಹಿಂದೆ ನಮ್ಮ ಹೂವಿನ ಸಂಘದ ಸಭೆಯಲ್ಲಿ ನೀನು ಇದನ್ನೇ ಹೇಳಿದಾಗ, ಶಾಲೆಯ ಟೀಚರಾಗಿದ್ದ ನಾನು "ಹೋಟ್ಲಲ್ಲಿ ಕಾಫಿ ಸುರಿಯೋಳು ಟೀಚರ್‌ಗೇ ಪಾಠ ಹೇಳ್ತಾಳೆ ನೋಡಿ!" ಎಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ಕೋಟು ಹಾಕಿಕೊಂಡು ಹೊರಟುಹೋದೆ. ಮರುವಾರ ಗಣಿಯವರು ಬಂದಾಗ, ಈ ಗುಡ್ಡದಲ್ಲಿ ಅಪರೂಪದ್ದೇನೂ ಇಲ್ಲವೆಂದು ಸಂಘದ ಪರವಾಗಿ ಸಹಿ ಹಾಕಿಕೊಟ್ಟವಳೂ ನಾನೇ. ಅವರು ಅರ್ಧ ಗುಡ್ಡವನ್ನೇ ಕಡಿದು ಸಾಗಿಸಿದರು.

"ಒಬ್ಬರು ಗಮನಿಸಿದ್ರು," ಎಂದೆ ಟೆಸ್ಸಾಗೆ.

"ಅಯ್ಯೋ, ಅವರನ್ನೂ ಕರ್ಕೊಂಡು ಬರಬೋದಿತ್ತಲ್ಲ! ಅವರ ಮನೆ ತುಂಬಾ ದೂರಾನಾ?"

"ಇಲ್ಲ," ಅಂದೆ. "ನಮ್ಮನೆಯಿಂದ ಮೂರನೇದು."

ಲೊರೀನ್