ಹದಿನೇಳನೇ ನಂಬರಿನ ಸೊಪ್ಪು

ತಾಂಬರಂ,
12 ಆಗಸ್ಟ್ 2001, ಭಾನುವಾರ

ಪ್ರೀತಿಯ ತಂಗಿ ಕಲಾವತಿಗೆ,

ದಾವಣಗೆರೆಯಿಂದ ನಿನ್ನ ಕಾಗದ ಬಂದು ಹದಿನಾರು ದಿನವಾಯಿತು. ಇಷ್ಟು ತಡವಾದದ್ದಕ್ಕೆ ಕ್ಷಮಿಸು. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎನ್ನಬಹುದಿತ್ತು, ಆದರೆ ಅಷ್ಟೇನೂ ಇರಲಿಲ್ಲ. ಶ್ರೀಪ್ರಿಯಾ ಕಾಲೇಜಿನಿಂದ ಬಂದವಳೇ "ಚಿತ್ತಿಕ್ಕು ಲೆಟರ್ ಎಳುದಿಟ್ಟಿಯಾಮ್ಮಾ?" ಅನ್ನುತ್ತಾಳೆ, ಚಿಕ್ಕಮ್ಮನಿಗೆ ಬರೆದೆಯಾ ಎಂದು. ಇಲ್ಲವೆಂದರೆ "ಪೋಮ್ಮಾ" ಎಂದು ಮುಖ ತಿರುಗಿಸುತ್ತಾಳೆ. ಇಲ್ಲಿ ನೀರಿನ ಲಾರಿ ಮೂರು ದಿನಕ್ಕೊಮ್ಮೆ. ಕೊಡ ಹೊತ್ತು, ಎಂಟರ ಲೋಕಲ್ ರೈಲು ಹಿಡಿದು, ಗಿಂಡಿಯಲ್ಲಿ ಇಳಿದು, ಬಸ್ಸಿನಲ್ಲಿ ಅಡ್ಯಾರ್ ಸೇರುವಷ್ಟರಲ್ಲಿ ನನ್ನ ದಿನ ಮುಗಿದಂತಾಗಿರುತ್ತದೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಎದೆಯ ಗಂಟು ಮೇ ತಿಂಗಳಲ್ಲಿ ಅಡಿಕೆಯಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಗಿದೆ ಎಂದಿದ್ದೀಯ. ಅದರ ಕೆಳಗೇ "ಅಕ್ಕನ ಔಷಧಿ ಇರೋವಾಗ ಕತ್ತರಿ ಯಾಕೆ ಮುಟ್ಟಿಸ್ಕೊಳ್ಳಲಿ?" ಎಂದು ತಮಾಷೆ ಬೇರೆ.

ಜೂನ್‌ನಲ್ಲಿ ಫೋನ್ ಮಾಡಿ ಸಂಭ್ರಮಪಟ್ಟವಳು ನಾನೇ. ಗಿಡಗಳನ್ನು ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿ ನೋಡುವುದು ನಮ್ಮ ಕೆಲಸ. ಹದಿನೇಳನೇ ನಂಬರಿನ ಸೊಪ್ಪು ಹಾಕಿದ ಕಡೆ ನೂರಕ್ಕೆ ಎಂಬತ್ತು ಜೀವಕೋಶ ಸತ್ತಿದ್ದವು. ಲ್ಯಾಬಿನ ಮುಖ್ಯಸ್ಥರಾದ ವಿಷ್ಣುಮೂರ್ತಿ ಸರ್ "ನಿಮ್ಮ ಕೈಗುಣ ಕಣ್ರೀ ತುಂಗಾ" ಎಂದು ಎಲ್ಲರಿಗೂ ಕಾಫಿ ತರಿಸಿದರು. ಆ ಖುಷಿಯಲ್ಲಿ ಗಿಡದ ಹೆಸರನ್ನೂ ನಿನಗೆ ಹೇಳಿಬಿಟ್ಟೆ. ಅಂದಿನಿಂದ ರಘುರಾಮ ದಿನಾ ಬೆಳಿಗ್ಗೆ ಅದನ್ನು ಕುದಿಸಿ ನಿನಗೆ ಕುಡಿಸುತ್ತಿದ್ದಾರೆ. "ಇಪ್ಪತ್ತು ವರ್ಷದಲ್ಲಿ ಹೆಂಡ್ತಿಗೆ ಒಂದು ಲೋಟ ಕಾಫಿ ಕಾಸಿ ಕೊಟ್ಟವರಲ್ಲ, ಈಗ ಕಷಾಯ ಕಾಸ್ತಾರೆ" ಎಂದು ಗಂಡನನ್ನು ನೀನು ಹಂಗಿಸಿದ್ದನ್ನು ಓದಿ ನಗು ಬರಲಿಲ್ಲ.

ಕಲಾ, ಅದನ್ನು ಇವತ್ತೇ ನಿಲ್ಲಿಸು. ನಾವು ಸಾಯಿಸಿದ್ದು ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು. ಮೂವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ತೀರಿಕೊಂಡ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದವು ಅವು. ತಟ್ಟೆಗೆ ಹೊಟ್ಟೆಯಿಲ್ಲ, ಲಿವರ್ ಇಲ್ಲ, ಓಡುವ ರಕ್ತವಿಲ್ಲ. ಗಿಡದಿಂದ ಔಷಧಿ ಬರುವುದೇ ಇಲ್ಲವೆಂದಲ್ಲ. ಯೂ ಎಂಬ ಮರದ ತೊಗಟೆಯಿಂದ ಬಂದ ಔಷಧಿಯನ್ನು ಈಗ ಈ ಕಾಯಿಲೆಗೆ ಡ್ರಿಪ್‌ನಲ್ಲಿ ಕೊಡುತ್ತಾರೆ. ತೊಗಟೆ ಕಿತ್ತ ದಿನದಿಂದ ಆಸ್ಪತ್ರೆಗೆ ಬರಲು ಅದಕ್ಕೆ ಸುಮಾರು ಮೂವತ್ತು ವರ್ಷ ಹಿಡಿಯಿತು. ನಿನ್ನ ಗಂಟು ಅಷ್ಟು ದಿನ ಕಾಯುವುದಿಲ್ಲ.

ಕಾಗದ ಕೈಸೇರಿದ ಕೂಡಲೇ ಆಪರೇಷನ್ ಮಾಡಬೇಕಿದ್ದ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿಸು. ಕಷಾಯ ಕುಡಿದದ್ದನ್ನೂ ಮುಚ್ಚಿಡಬೇಡ, ಬೈದರೆ ಬೈಸಿಕೊ. ನಾನು ರಜೆ ಹಾಕಿದ್ದೇನೆ. ಸೋಮವಾರ 20ರ ಬೆಳಿಗ್ಗೆ ನೇರ ಅಲ್ಲಿನ ಆಸ್ಪತ್ರೆಗೇ ಬರುತ್ತೇನೆ. ನೀವಿಬ್ಬರೂ ಬನ್ನಿ.

ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ. ಈ ದಸರೆಗೆ ಗೊಂಬೆ ಕೂರಿಸುವಾಗ ನನ್ನ ಜೊತೆ ಜಗಳವಾಡುವಷ್ಟು ಗಟ್ಟಿಯಾಗಿರು. ರಘುರಾಮರಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ,
ತುಂಗಾ

ತಾ.ಕ.: ಬರೆದದ್ದನ್ನು ಈಗ ಓದಿ ನೋಡಿದೆ. ಸುಳ್ಳೇನೂ ಇಲ್ಲ, ಆದರೆ ಹೇಳಬೇಕಾದದ್ದನ್ನೇ ಬಿಟ್ಟಿದ್ದೇನೆ. ಸೊಪ್ಪಿನ ಸಾರವನ್ನು ನಾವು ಒಂದು ದ್ರಾವಕದಲ್ಲಿ ಕರಗಿಸಿ ಹಾಕುತ್ತೇವೆ. ಪಕ್ಕದಲ್ಲಿ ಬರೀ ದ್ರಾವಕ ಹಾಕಿದ ಒಂದು ಸಾಲನ್ನೂ ಇಡಲೇಬೇಕು. ಕೊಂದದ್ದು ಸೊಪ್ಪೋ ದ್ರಾವಕವೋ ಎಂದು ತಿಳಿಯುವುದು ಅದರಿಂದಲೇ. ಜೂನ್‌ನಲ್ಲಿ ತಟ್ಟೆಯಲ್ಲಿ ಜಾಗ ಸಾಲದೆ ಆ ಸಾಲನ್ನು ಬಿಟ್ಟೆ, ಹಿಂದಿನ ವಾರದ ಅಂಕಿಯನ್ನೇ ಬರೆದುಕೊಂಡೆ. ಜುಲೈ 11ರಂದು ಅದೇ ಸೀಸೆಯ ದ್ರಾವಣದಿಂದ ಸರಿಯಾಗಿ ಮಾಡಿ ನೋಡಿದಾಗ ಬರೀ ದ್ರಾವಕವೇ ಅಷ್ಟನ್ನೂ ಕೊಂದಿತ್ತು. ನಾನು ದ್ರಾವಕ ಬೆರೆಸಿದ್ದೇ ಹೆಚ್ಚಾಗಿತ್ತು. ಸೊಪ್ಪು ಏನೂ ಮಾಡಿರಲಿಲ್ಲ. ಸರ್ ಮುಂದೆ ಒಪ್ಪಿಕೊಂಡದ್ದೂ ನಿನ್ನೆಯಷ್ಟೇ.

ನಿನ್ನ ಆಪರೇಷನ್ ಇದ್ದದ್ದು ಜುಲೈ 18ಕ್ಕೆ. 16ರಂದು ರಘುರಾಮ ಲ್ಯಾಬಿಗೆ ಫೋನ್ ಮಾಡಿ, "ಅಕ್ಕಾ, ಬುಧವಾರದ್ದನ್ನ ಮುಂದಕ್ಕೆ ಹಾಕಿಸ್ಲಾ? ನೀವ್ ಹೂಂ ಅಂದ್ರೆ ಸಾಕು" ಎಂದರು. ಸರ್ ಎದುರಿಗೇ ಕೂತಿದ್ದರು. ನನಗೆ ಎಲ್ಲ ಗೊತ್ತಿತ್ತು, ಕಲಾ. ಹೂಂ ಅಂದೆ.