ಬಿಚ್ಚಿ ಕಟ್ಟಿದ ಗಂಟುಗಳು

ಸೋಮವಾರ, ೧೪ನೇ ತಾರೀಕು

ಅಮ್ಮಾ,

ಹೇಗಿದ್ದೀಯ ಎಂದು ಕೇಳುತ್ತಾ ಕೂರುವುದಿಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನೀನು ಇಪ್ಪತ್ತು ವರ್ಷ ಆಳಿದ ಕೋಣೆ ಈಗ ನನ್ನ ಕೈಯಲ್ಲಿದೆಯಲ್ಲ, ಅಲ್ಲಿ ಎಡವಟ್ಟಾಗಿದೆ. ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕಟ್ಟಿದವರು ಚೀಟಿಗೆ ಸಹಿ ಹಾಕಿ ಉಗಿಗೆ ಇಡುವ ಪದ್ಧತಿ ನೀನೇ ತಂದದ್ದು. ಹೋದ ಬುಧವಾರ ಆಪರೇಷನ್ನಿಗೆ ಹೋದ, ಚಿಕ್ಕಿ ಸಹಿ ಮಾಡಿದ ಗಂಟಿನಲ್ಲಿ ಎರಡು ಇಕ್ಕಳ ಕಡಿಮೆ ಇದ್ದವು. ನಿನ್ನ ಜೊತೆ ಕೆಲಸಕ್ಕೆ ಸೇರಿದ, ನಾವೆಲ್ಲ ಪ್ರೀತಿಯಿಂದ ಚಿಕ್ಕಿ ಎನ್ನುವ ಅದೇ ಚಿಕ್ಕಿ. ರೋಗಿಯ ಹೊಟ್ಟೆ ಕೊಯ್ದ ಮೇಲೆ ಗೊತ್ತಾಯಿತು. ಇನ್ನೊಂದು ಗಂಟು ಬರುವವರೆಗೆ, ಹನ್ನೊಂದು ನಿಮಿಷ, ಡಾಕ್ಟರು ಬೆರಳಲ್ಲೇ ರಕ್ತನಾಳ ಒತ್ತಿ ಹಿಡಿದಿದ್ದರಂತೆ. ರೋಗಿ ಉಳಿದರು, ಪುಣ್ಯ.

ತಪ್ಪು ಕಂಡರೆ ನೀನು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಾಡುತ್ತಿದ್ದೆ. ಆಮೇಲೆ ಡಾಕ್ಟರುಗಳ ಮುಂದೆ ಮಾತ್ರ, ನಮ್ಮವರ ತಂಟೆಗೆ ಬರಬೇಡಿ ಎಂದು ಅಡ್ಡ ನಿಲ್ಲುತ್ತಿದ್ದೆ. ನನಗೆ ಕೂಗಾಟವಷ್ಟೇ ನೆನಪಿತ್ತು. ಯಾರ ಮನಸ್ಸನ್ನೂ ನೋಯಿಸದೆ ಕೆಲಸ ತೆಗೆಯುತ್ತೇನೆ ಎಂದು ಹಟ ತೊಟ್ಟೆ. ಆರು ತಿಂಗಳಿಂದ ಚಿಕ್ಕಿಯ ಎಣಿಕೆ ತಪ್ಪುತ್ತಿತ್ತು. ನನ್ನನ್ನು ಎತ್ತಿ ಆಡಿಸಿದವಳಿಗೆ ಹೇಳುವುದು ಹೇಗೆ? ಸಂಜೆ ಎಲ್ಲರೂ ಹೋದ ಮೇಲೆ, ಉಗಿಗೆ ಇಡುವ ಮೊದಲು, ಅವಳ ಗಂಟುಗಳನ್ನು ಬಿಚ್ಚಿ, ಸರಿ ಮಾಡಿ, ಮತ್ತೆ ಕಟ್ಟಿ, ಅವಳ ಚೀಟಿಯನ್ನೇ ಸಿಕ್ಕಿಸಿ ಬರುತ್ತಿದ್ದೆ. ಬಂಗಾರದಂಥ ಹುಡುಗಿ ಎಂದರು ಎಲ್ಲರೂ. ನಾನೂ ಉಬ್ಬಿಹೋದೆ. ಹೋದ ಮಂಗಳವಾರ ಜ್ವರ ಬಂದು ರಜೆ ಹಾಕಿದೆ, ಅಷ್ಟೇ. ಅವತ್ತಿನ ಗಂಟನ್ನು ಬಿಚ್ಚಿ ನೋಡುವವರಿಲ್ಲದೆ ಹೋಯಿತು.

ಮರುದಿನ ಗುರುವಾರ ಬೆಳಿಗ್ಗೆ ಮೆಟ್ಟಿಲ ಹತ್ತಿರ ಚಿಕ್ಕಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತೇನೇ? ಒಂದು ಕನ್ನಡಕ ಮಾಡಿಸ್ಕೋತಿದ್ದೆ" ಅಂದಳು. ಒಂದು ಕನ್ನಡಕ ಅಮ್ಮಾ! ಅಷ್ಟು ಸಣ್ಣ ಮಾತನ್ನು ನಾನು ಆರು ತಿಂಗಳು ನುಂಗಿಕೊಂಡಿದ್ದೆ.

ಈಗ ಚಿಕ್ಕಿಯನ್ನು ಮನೆಗೆ ಕಳಿಸಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ಶುಕ್ರವಾರ ತೀರ್ಮಾನ. ನಿವೃತ್ತಿಗೆ ಇನ್ನು ಎರಡೇ ವರ್ಷ ಅವಳಿಗೆ. ನಮ್ಮ ಮುಖ್ಯಸ್ಥರಿಗೆ ನಿನ್ನ ಮೇಲೆ ಇವತ್ತಿಗೂ ಗೌರವ. ಸಿಕ್ಕಾಗಲೆಲ್ಲ ನಿನ್ನನ್ನು ವಿಚಾರಿಸುತ್ತಾರೆ. ಈ ಗುರುವಾರದೊಳಗೆ ಬಂದು ಅವಳ ಪರವಾಗಿ ಒಂದು ಮಾತು ಹೇಳುತ್ತೀಯಾ? ನೀನು ಹೇಳಿದರೆ ಕೇಳುತ್ತಾರೆ.

ನಿನ್ನ ದಾರಿ ನೋಡುತ್ತಿರುವ
ಮಗಳು

ತಾ.ಕ.: ಇದು ಮರೆತದ್ದಲ್ಲ, ಬಚ್ಚಿಟ್ಟದ್ದು. ಮೆಟ್ಟಿಲ ಹತ್ತಿರ ಚಿಕ್ಕಿಗೆ ಹೇಳಿದ ಅವತ್ತೇ ಮಧ್ಯಾಹ್ನ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆಸಿ, ಇವಳ ಎಣಿಕೆ ತಪ್ಪುತ್ತಿದ್ದದ್ದು ನಿಮಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು. ಇಲ್ಲ ಅಂದೆ. ಚಿಕ್ಕಿ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಇವಳಿಗೆ ಹೇಗ್ ಗೊತ್ತಾಗತ್ತೆ ಸಾರ್, ತಪ್ಪು ನಂದೇ" ಅಂದಳು. ಅಮ್ಮಾ, ನೀನು ಬರಬೇಡ. ನಾಳೆ ಹತ್ತು ಗಂಟೆಗೆ ಚಿಕ್ಕಿಯನ್ನು ಮುಖ್ಯಸ್ಥರ ಹತ್ತಿರ ಕರೆದುಕೊಂಡು ಹೋಗಿ, ಅವಳ ಎದುರಿಗೇ ನಿಜ ಹೇಳುತ್ತೇನೆ.